ಠೇವಣಿ ಕಟ್ಟದೆ ಮೇಲ್ಮನವಿ ವಜಾ ಆಯ್ತೇ? ಹೈಕೋರ್ಟ್ ಏನು ಮಾಡಬಲ್ಲದು, ಏನು ಮಾಡುವುದಿಲ್ಲ

ಮುಂಬೈ, ಪುಣೆ, ಗೋವಾದಲ್ಲಿ ನಮ್ಮ ಕನ್ನಡದವರು ಹಿಡಿದಿರುವ ದಂಧೆಗಳನ್ನು ನೋಡಿ. ಫ್ಯಾಕ್ಟರಿ ಕ್ಯಾಂಟೀನ್, ಕೇಟರಿಂಗ್, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಲೇಬರ್ ಕಾಂಟ್ರ್ಯಾಕ್ಟ್. ಇವೆಲ್ಲ 2017ರ ಜೂನ್ ತನಕ ಸರ್ವಿಸ್ ಟ್ಯಾಕ್ಸ್ ಕಣ್ಣಿಗೆ ಬೀಳುತ್ತಿದ್ದ ಕೆಲಸಗಳು. ಜಿಎಸ್‌ಟಿ ಬಂತು, ಹಳೇ ತೆರಿಗೆಯ ಲೆಕ್ಕ ಮುಗಿಯಿತು ಅಂತ ಬಹಳ ಮಂದಿ ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮತ್ತು 26ಎಎಸ್‌ನಲ್ಲಿ, ಅಂದರೆ ನಿಮ್ಮ ಹೆಸರಿನಲ್ಲಿ ಕಡಿತವಾದ ಟಿಡಿಎಸ್ ತೋರಿಸುವ ಪಟ್ಟಿಯಲ್ಲಿ, ಕಾಣುವ ವಹಿವಾಟನ್ನು ಸರ್ವಿಸ್ ಟ್ಯಾಕ್ಸ್ ರಿಟರ್ನ್ ಜೊತೆ ಇಟ್ಟು ನೋಡಿ, ವ್ಯತ್ಯಾಸ ಕಂಡಲ್ಲೆಲ್ಲ ಇಲಾಖೆ ಶೋಕಾಸ್ ನೋಟಿಸ್ ಕಳಿಸಿತು. ನೋಟಿಸು ಆದೇಶವಾಯಿತು. ಆದೇಶದ ಮೇಲೆ ಮೇಲ್ಮನವಿ ಹೋಯಿತು. ಎಷ್ಟೋ ಮೇಲ್ಮನವಿಗಳು ಒಂದೇ ಒಂದು ಕಾರಣಕ್ಕೆ ವಜಾ ಆದವು: ಮುಂಗಡ ಠೇವಣಿ, ಅಂದರೆ ಎಲ್ಲರೂ ಹೇಳುವ ಪ್ರೀ-ಡೆಪಾಸಿಟ್, ಕಟ್ಟಿಲ್ಲ. ಮೇಲ್ಮನವಿ ಕೇಳಬೇಕಾದರೆ ಡಿಮ್ಯಾಂಡಿನ ಒಂದು ಭಾಗವನ್ನು ಮೊದಲೇ ಕಟ್ಟಬೇಕು, ಅದೇ ಈ ಠೇವಣಿ.

ವಜಾ ಎಂಬ ಮಾತು ಕೇಳಿದ ಕೂಡಲೇ ಕೇಸು ಸೋತೆವು ಅಂತ ಕೈಚೆಲ್ಲಿ ಕೂರುವವರೇ ಜಾಸ್ತಿ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ. ಯಾಕೆಂದರೆ ಹಾಗೆ ಕೂತವರಲ್ಲಿ ಹಲವರ ವಾದ ನಿಜಕ್ಕೂ ಗಟ್ಟಿಯಿತ್ತು, ಅದನ್ನು ಯಾರೂ ಕೇಳಲೇ ಇಲ್ಲ. ಠೇವಣಿಯ ಕಾರಣಕ್ಕೆ ಮೇಲ್ಮನವಿ ವಜಾ ಆದಾಗ ನೀವು ತೆರಿಗೆ ಕೊಡಬೇಕೋ ಬೇಡವೋ ಎಂಬುದನ್ನು ಮೇಲ್ಮನವಿ ಕೇಳುವ ಟ್ರಿಬ್ಯುನಲ್ ನೋಡಿರುವುದೇ ಇಲ್ಲ. ಆ ಬಾಗಿಲನ್ನು ಮತ್ತೆ ತೆರೆಸಲು ದಾರಿಗಳಿವೆ. ಅವು ಯಾವುವು, ಯಾವುದು ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡೋಣ.

ಠೇವಣಿ ಎಷ್ಟು, ಯಾವುದರ ಮೇಲೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಂದಾಪುರ ಕಡೆಯವರೊಬ್ಬರು ಪುಣೆಯ ಭೋಸರಿ ಎಂಐಡಿಸಿಯಲ್ಲಿ ಕೆಲವು ಫ್ಯಾಕ್ಟರಿಗಳ ಕ್ಯಾಂಟೀನ್ ನಡೆಸುತ್ತಾರೆ. ಶೆಟ್ರು ಅನ್ನೋಣ. ಇದು ಕಲ್ಪಿತ ವ್ಯಕ್ತಿ, ಆದರೆ ಲೆಕ್ಕ ನಿಜ. ಇಲಾಖೆ ಇವರ ಮೇಲೆ 2 ಕೋಟಿ 40 ಲಕ್ಷ ರೂಪಾಯಿ ಸರ್ವಿಸ್ ಟ್ಯಾಕ್ಸ್ ಡಿಮ್ಯಾಂಡ್ ಹಾಕಿದೆ. ವಿಷಯ ಮುಚ್ಚಿಟ್ಟಿದ್ದೀರಿ ಅಂತ ಅಷ್ಟೇ ಮೊತ್ತದ ದಂಡ. ಮೇಲೆ ಬಡ್ಡಿ. ಆದೇಶದ ಕೊನೆಯ ಪುಟ ನೋಡಿದರೆ ಎದೆ ಒಡೆಯುವಂಥ ಮೊತ್ತ.

ಶೆಟ್ರ ವಾದಕ್ಕೆ ಹಿಡಿತ ಇಲ್ಲದಿಲ್ಲ. ಫ್ಯಾಕ್ಟರೀಸ್ ಆಕ್ಟ್ ಕೆಳಗೆ ಬರುವ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಊಟ ಬಡಿಸುವುದಕ್ಕೆ, ಏಸಿ ಇದ್ದರೂ ಕೂಡ, 2013ರ ಅಕ್ಟೋಬರ್‌ನಿಂದ ವಿನಾಯಿತಿ ಇತ್ತು. ಆದರೆ ನೋಟಿಸು ಹಳೇ ವಿಳಾಸಕ್ಕೆ ಹೋಯಿತು, ಇವರು ಹಾಜರಾಗಲಿಲ್ಲ, ಆದೇಶ ಏಕಪಕ್ಷೀಯವಾಗಿ ಬಂತು. ಕಮಿಷನರ್ ದರ್ಜೆಯ ಅಧಿಕಾರಿಯ ಆದೇಶವಾದ್ದರಿಂದ ಮೇಲ್ಮನವಿ ನೇರ ಸೆಸ್ಟ್ಯಾಟ್‌ಗೆ, ಅಂದರೆ ಕಸ್ಟಮ್ಸ್, ಎಕ್ಸೈಸ್ ಮತ್ತು ಸರ್ವಿಸ್ ಟ್ಯಾಕ್ಸ್ ಮೇಲ್ಮನವಿ ಟ್ರಿಬ್ಯುನಲ್‌ಗೆ. ಮಹಾರಾಷ್ಟ್ರ, ಗೋವಾ ಎರಡಕ್ಕೂ ಅದರ ಪೀಠ ಮುಂಬೈಯಲ್ಲಿದೆ, ಮಸ್ಜಿದ್ ಬಂದರ್ ಹತ್ತಿರದ ಪಿ. ಡಿಮೆಲ್ಲೊ ರಸ್ತೆಯಲ್ಲಿ. ಪುಣೆಯವರೂ ಮಡಗಾಂವ್‌ನವರೂ ಅಲ್ಲಿಗೇ ಬರಬೇಕು.

ಸೆಂಟ್ರಲ್ ಎಕ್ಸೈಸ್ ಕಾಯ್ದೆಯ 35ಎಫ್ ಕಲಮು ಇಲ್ಲಿ ಮುಖ್ಯ. ಸರ್ವಿಸ್ ಟ್ಯಾಕ್ಸಿಗೂ ಅದೇ ಕಲಮು ಅನ್ವಯ. ಕಸ್ಟಮ್ಸ್ ಕಾಯ್ದೆಯಲ್ಲಿ ಅದರ ಜೋಡಿ 129ಇ. ಮೊದಲ ಮೇಲ್ಮನವಿಗೆ ಶೇಕಡಾ 7.5, ಇಲಾಖೆಯೊಳಗೇ ಮೊದಲ ಮೇಲ್ಮನವಿ ಕೇಳುವ ಕಮಿಷನರ್ ಅಪೀಲ್ಸ್ ಆದೇಶದ ಮೇಲೆ ಟ್ರಿಬ್ಯುನಲ್‌ಗೆ ಹೋದರೆ ಶೇಕಡಾ 10. ಎಷ್ಟೇ ದೊಡ್ಡ ಡಿಮ್ಯಾಂಡ್ ಇದ್ದರೂ 10 ಕೋಟಿ ರೂಪಾಯಿಗೆ ಮಿತಿ.

ಇಲ್ಲಿ ಜನ ಗಾಬರಿ ಬೀಳುವುದು ಮೊತ್ತ ಗೊತ್ತಿಲ್ಲದೆ. ತೆರಿಗೆ, ದಂಡ ಎರಡೂ ವಿವಾದದಲ್ಲಿದ್ದರೆ ಶೇಕಡಾವಾರು ಲೆಕ್ಕ ತೆರಿಗೆಯ ಮೇಲೆ ಮಾತ್ರ. ಬಡ್ಡಿಯನ್ನು ಸೇರಿಸುವಂತಿಲ್ಲ. ಬರೀ ದಂಡವೇ ವಿವಾದದಲ್ಲಿದ್ದರೆ ಆಗ ದಂಡದ ಮೇಲೆ. ಹಾಗಾಗಿ ಶೆಟ್ರು ಕಟ್ಟಬೇಕಾದ್ದು 2 ಕೋಟಿ 40 ಲಕ್ಷದ ಶೇಕಡಾ 7.5, ಅಂದರೆ 18 ಲಕ್ಷ. ಕ್ಯಾಂಟೀನ್ ನಡೆಸುವವರಿಗೆ ಅದು ಸಣ್ಣ ಮೊತ್ತವೇನಲ್ಲ. ಆದರೆ ಕೊನೆಯ ಪುಟ ನೋಡಿ ಆರು ಕೋಟಿಯ ಹತ್ತು ಪರ್ಸೆಂಟ್ ಅಂತ ಅರವತ್ತು ಲಕ್ಷ ಲೆಕ್ಕ ಹಾಕಿ ಹೆದರಿ ಕೂರುವುದಕ್ಕೂ ಇದಕ್ಕೂ ಬಹಳ ಅಂತರ ಇದೆ, ಅಲ್ವಾ?

ಇನ್ನೊಂದು ವಿಷಯ. ತನಿಖೆ ಅಥವಾ ಆಡಿಟ್ ನಡೆಯುವಾಗ ಅಧಿಕಾರಿಗಳ ಒತ್ತಾಯಕ್ಕೆ ಏನಾದರೂ ಕಟ್ಟಿದ್ದರೆ ಆ ಹಣವನ್ನೂ ಈ ಶೇಕಡಾ 7.5ರಲ್ಲಿ ಎಣಿಸಿಕೊಳ್ಳಬಹುದು. 2014ರ ಸೆಪ್ಟೆಂಬರ್ 16ರ 984ನೇ ನಂಬರಿನ ಸರ್ಕ್ಯುಲರ್‌ನಲ್ಲಿ ಇಲಾಖೆಯ ಬೋರ್ಡೇ ಇದನ್ನು ಹೇಳಿದೆ. ಹಳೇ ಚಲನ್ ಫೈಲಿನಲ್ಲಿ ಇದ್ದೂ ಅದನ್ನು ತೋರಿಸದೆ ವಜಾ ಮಾಡಿಸಿಕೊಂಡರೆ ಅದಕ್ಕಿಂತ ನೋವಿನ ಸಂಗತಿ ಬೇರೆ ಇಲ್ಲ.

2014ರ ಆಗಸ್ಟ್ 6ಕ್ಕೆ ಬದಲಾದದ್ದು ಏನು

ಅದಕ್ಕೆ ಮೊದಲು ಕಾನೂನು ಬೇರೆ ಇತ್ತು. ಡಿಮ್ಯಾಂಡ್ ಮಾಡಿದ ಪೂರ್ತಿ ತೆರಿಗೆ, ದಂಡ ಕಟ್ಟಬೇಕು ಅನ್ನುವುದು ನಿಯಮ. ಕಟ್ಟಿದರೆ ತೀರಾ ಕಷ್ಟವಾಗುತ್ತದೆ ಅಂತ ಟ್ರಿಬ್ಯುನಲ್‌ಗೆ ಅನ್ನಿಸಿದರೆ ಪೂರ್ತಿಯೋ ಸ್ವಲ್ಪವೋ ಬಿಡುವ ಅಧಿಕಾರ ಅದಕ್ಕೇ ಇತ್ತು. ಪ್ರತಿ ಮೇಲ್ಮನವಿ ಜೊತೆ ಒಂದು ಸ್ಟೇ ಅರ್ಜಿ. ಮೇಲ್ನೋಟಕ್ಕೆ ಕೇಸು ಹೇಗಿದೆ, ಹಣಕಾಸು ಹೇಗಿದೆ, ಸರ್ಕಾರದ ಹಣಕ್ಕೆ ಅಪಾಯ ಇದೆಯಾ ಅಂತ ಅದರ ಮೇಲೇ ದೊಡ್ಡ ವಾದ. ಆಮೇಲೆ ‘ಎಂಟು ವಾರದಲ್ಲಿ ಇಷ್ಟು ಲಕ್ಷ ಕಟ್ಟಿ, ಕಟ್ಟಿದ್ದನ್ನು ತಿಳಿಸಿ’ ಎಂಬಂಥ ಆದೇಶ. ಕಟ್ಟದಿದ್ದರೆ ಮೇಲ್ಮನವಿ ವಜಾ. ಆಗ ಹೈಕೋರ್ಟಿಗೆ ಹೋಗುವುದು ಸುಲಭವಿತ್ತು. ಟ್ರಿಬ್ಯುನಲ್ ತನ್ನ ವಿವೇಚನೆಯನ್ನು ಸರಿಯಾಗಿ ಬಳಸಿಲ್ಲ, ನಮ್ಮ ಕಷ್ಟ ನೋಡಿಲ್ಲ ಅಂತ ಹೇಳಬಹುದಿತ್ತು. ಹೈಕೋರ್ಟು ಮೊತ್ತ ಇಳಿಸಿ ಅಥವಾ ಗಡುವು ಮುಂದೆ ಹಾಕಿ ಮೇಲ್ಮನವಿಯನ್ನು ಮತ್ತೆ ಜೀವಂತ ಮಾಡುತ್ತಿತ್ತು.

2014ರ ಎರಡನೇ ಫೈನಾನ್ಸ್ ಕಾಯ್ದೆ ಈ ವಿವೇಚನೆಯನ್ನೇ ತೆಗೆದು ಹಾಕಿತು. ಎಲ್ಲರಿಗೂ ಒಂದೇ ಶೇಕಡಾವಾರು. ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಾನಾಗಿ ನಿಲ್ಲುತ್ತದೆ, ಸ್ಟೇ ಅರ್ಜಿಯೇ ಬೇಡ. ಕಟ್ಟದಿದ್ದರೆ ಟ್ರಿಬ್ಯುನಲ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಇದನ್ನು ನಾನು ಪೂರ್ತಿ ಕೆಟ್ಟ ಬದಲಾವಣೆ ಅನ್ನಲಾರೆ. ಶೇಕಡಾ 7.5 ಕಟ್ಟಿ ನೆಮ್ಮದಿಯಾಗಿ ಕೇಸು ನಡೆಸುವುದು ಬಹುಪಾಲು ಜನರಿಗೆ ಹಳೇ ಪದ್ಧತಿಗಿಂತ ಮೇಲು. ಆದರೆ ಆ 7.5 ಕೂಡ ನಿಜವಾಗಿ ಇಲ್ಲದವರಿಗೆ ಟ್ರಿಬ್ಯುನಲ್‌ನಲ್ಲಿ ಒಂದು ಸಣ್ಣ ಕಿಟಕಿಯನ್ನೂ ಇಡಲಿಲ್ಲ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಪ್ರಕರಣ ಹಳೇ ಕಾಲದ್ದು, ಆದ್ದರಿಂದ ನಮಗೆ ಹಳೇ ಕಾನೂನು ಅನ್ವಯಿಸಲಿ ಎಂಬ ವಾದವನ್ನು ಬಹಳ ಜನ ಮಾಡಿ ನೋಡಿದರು. 2014ರ ಆಗಸ್ಟ್ 6ಕ್ಕೆ ಮೊದಲೇ ಸಲ್ಲಿಸಿ ಬಾಕಿ ಇದ್ದ ಮೇಲ್ಮನವಿಗೆ ಮಾತ್ರ ಹಳೇ ಕಾನೂನು ಅಂತ ಕಲಮಿನಲ್ಲೇ ಇದೆ. ಚಂದ್ರಶೇಖರ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಅದು ಕಸ್ಟಮ್ಸ್ ಪ್ರಕರಣ. ಘಟನೆ ತಿದ್ದುಪಡಿಗಿಂತ ಹಿಂದಿನದು, ಆದರೆ ಮೇಲ್ಮನವಿ ಆಮೇಲಿನದು. ಹೊಸ ಕಾನೂನಿನಂತೆ ಕಟ್ಟಲೇಬೇಕು ಅಂತ ಕೋರ್ಟು ಹೇಳಿತು. ಈಗ ಈ ವಾದ ಹಿಡಿದು ಹೋಗುವುದು ಸುಮ್ನೆ ಸಮಯ ಹಾಳು.

ಮೇಲ್ಮನವಿಗೆ ಷರತ್ತು ಹಾಕುವುದೇ ತಪ್ಪು ಎಂಬ ವಾದವೂ ನಿಲ್ಲುವುದಿಲ್ಲ. ಮೇಲ್ಮನವಿ ಹಕ್ಕು ಕಾಯ್ದೆ ಕೊಟ್ಟದ್ದು, ಕೊಡುವ ಕಾಯ್ದೆಯೇ ಷರತ್ತನ್ನೂ ಹಾಕಬಹುದು. ಮುಂಬೈಯ ಕಸ್ಟಮ್ಸ್ ಕಲೆಕ್ಟರ್ ವಿರುದ್ಧದ ವಿಜಯ್ ಪ್ರಕಾಶ್ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಇದನ್ನು ಹೇಳಿಬಿಟ್ಟಿದೆ. ಷರತ್ತು ಮಿತಿ ಮೀರಿದರೆ ಕಥೆ ಬೇರೆ. ಬ್ಯಾಂಕ್ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಲ್ಲಿ ಮೊದಲ ಹಂತದಲ್ಲೇ ಶೇಕಡಾ 75 ಕಟ್ಟಿ ಬನ್ನಿ ಅಂತಿದ್ದ ನಿಯಮವನ್ನು ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರಲ್ಲಿ ಕೋರ್ಟು ಹೊಡೆದು ಹಾಕಿತು. 7.5ಕ್ಕೂ 75ಕ್ಕೂ ಕೋರ್ಟಿನ ಕಣ್ಣಲ್ಲಿ ಅಷ್ಟು ವ್ಯತ್ಯಾಸ.

ವಜಾ ಆದೇಶ ಹೇಗಿರುತ್ತದೆ

ಮೇಲ್ಮನವಿ ಸಲ್ಲಿಸಿದ ಮೇಲೆ ಟ್ರಿಬ್ಯುನಲ್ ರಿಜಿಸ್ಟ್ರಿ ಪರಿಶೀಲನೆ ಮಾಡುತ್ತದೆ. ಠೇವಣಿ ಚಲನ್ ಇಲ್ಲದಿದ್ದರೆ ನ್ಯೂನತೆ ಇದೆ ಅಂತ ಪತ್ರ ಬರುತ್ತದೆ, ಡಿಫೆಕ್ಟ್ ಮೆಮೊ ಅನ್ನುತ್ತಾರೆ. ಸರಿಪಡಿಸಲು ದಿನ ಕೊಡುತ್ತಾರೆ. ಸರಿಪಡಿಸದಿದ್ದರೆ ಕೇಸು ಬೆಂಚ್ ಮುಂದೆ ಬರುತ್ತದೆ. ಕರೆದ ಮೇಲೆ ಮುಗಿಯಲು ಎರಡು ನಿಮಿಷ ಬೇಡ. ಠೇವಣಿ ಕಟ್ಟಿದ್ದೀರಾ? ಇಲ್ಲ. ಇನ್ನೂ ಸಮಯ ಬೇಕಾ? ಕೆಲವೊಮ್ಮೆ ಕೊಡುತ್ತಾರೆ, ಕೆಲವೊಮ್ಮೆ ಇಲ್ಲ.

ಆದೇಶವೂ ಚಿಕ್ಕದು. ಮೊದಲ ಪ್ಯಾರಾದಲ್ಲಿ ಮೇಲ್ಮನವಿ ಯಾವ ಆದೇಶದ ಮೇಲೆ ಅಂತ. ಎರಡನೆಯದರಲ್ಲಿ 35ಎಫ್ ಕಲಮಿನ ಮಾತು, ಠೇವಣಿ ಇಲ್ಲದೆ ಮೇಲ್ಮನವಿಯನ್ನು ಪರಿಗಣಿಸಲು ತನಗೆ ಅಧಿಕಾರ ಇಲ್ಲ ಅಂತ. ಮೂರನೆಯದರಲ್ಲಿ ವಜಾ. ಈ ಕಾಗದವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿ. ಫ್ಯಾಕ್ಟರಿ ಕ್ಯಾಂಟೀನ್ ವಿನಾಯಿತಿ ಬಗ್ಗೆ ಅದರಲ್ಲಿ ಒಂದು ಸಾಲಿಲ್ಲ. ನೋಟಿಸು ಹಳೇ ವಿಳಾಸಕ್ಕೆ ಹೋದ ಬಗ್ಗೆ ಒಂದು ಸಾಲಿಲ್ಲ. ಹೈಕೋರ್ಟಿನಲ್ಲಿ ನಿಮ್ಮ ವಕೀಲರು ಮೊದಲು ತೋರಿಸುವುದೂ ಇದನ್ನೇ.

ಆದರೆ ವಜಾ ಆದ ದಿನದಿಂದ ವಸೂಲಿಗೆ ಅಡ್ಡಿ ಏನೂ ಇರುವುದಿಲ್ಲ. ಇಲಾಖೆ ಬ್ಯಾಂಕಿಗೆ ಪತ್ರ ಬರೆಯಬಹುದು. ಶೆಟ್ರಿಗೆ ಬಿಲ್ ಕೊಡಬೇಕಾದ ಫ್ಯಾಕ್ಟರಿಗಳಿಗೂ ಬರೆಯಬಹುದು: ಇವರಿಗೆ ಕೊಡುವ ಹಣ ನಮಗೆ ಕಟ್ಟಿ ಅಂತ. ಕಾಂಟ್ರ್ಯಾಕ್ಟ್ ದಂಧೆಯವರಿಗೆ ಇದರಷ್ಟು ದೊಡ್ಡ ಪೆಟ್ಟು ಬೇರೆ ಇಲ್ಲ. ಹಣ ನಿಂತದ್ದು ಮಾತ್ರವಲ್ಲ, ಹೆಸರೂ ಹೋಗುತ್ತದೆ, ಮುಂದಿನ ವರ್ಷದ ಟೆಂಡರೂ ಹೋಗುತ್ತದೆ. ಅದಕ್ಕೇ ಹೇಳುವುದು, ಈ ಹಂತದಲ್ಲಿ ತಿಂಗಳುಗಟ್ಟಲೆ ಯೋಚಿಸುತ್ತ ಕೂರಬಾರದು.

ಹಣ ಹೊಂದಿಸಬಹುದಾದರೆ

ಹೆಚ್ಚಿನ ಪ್ರಕರಣಗಳಲ್ಲಿ ಸಮಸ್ಯೆ ಹಣ ಇಲ್ಲ ಎಂಬುದಲ್ಲ, ಹೇಳಿದ ದಿನಕ್ಕೆ ಇರಲಿಲ್ಲ ಎಂಬುದು. ಬಿಲ್ ಬರಲಿಲ್ಲ, ಬ್ಯಾಂಕ್ ಲಿಮಿಟ್ ಸಿಗಲಿಲ್ಲ, ಮನೆಯಲ್ಲಿ ಕಾಯಿಲೆ. ಆಮೇಲೆ ಹೇಗೋ ಹೊಂದುತ್ತದೆ.

ಇಂಥವರಿಗೆ ನನ್ನ ಮೊದಲ ಮಾತು: ಫೋರ್ಟ್‌ನ ಹೈಕೋರ್ಟಿಗೆ ಓಡುವ ಮೊದಲು ಮಸ್ಜಿದ್ ಬಂದರಿಗೇ ಮತ್ತೆ ಹೋಗಿ. ಮೊದಲು ಪೂರ್ತಿ ಠೇವಣಿ ಕಟ್ಟಿ. ಚಲನ್ ಜೊತೆಗಿಟ್ಟು ಮೇಲ್ಮನವಿಯನ್ನು ರಿಸ್ಟೋರ್ ಮಾಡಿ ಅಂತ ಟ್ರಿಬ್ಯುನಲ್‌ಗೇ ಅರ್ಜಿ ಹಾಕಿ. ಅದರ 1982ರ ಕಾರ್ಯವಿಧಾನ ನಿಯಮಗಳಲ್ಲಿ 41ನೇ ನಿಯಮ, ನ್ಯಾಯದ ಉದ್ದೇಶಕ್ಕೆ ಬೇಕಾದ ಆದೇಶ ಮಾಡುವ ಅಧಿಕಾರವನ್ನು ಕೊಟ್ಟಿದೆ. ಕಟ್ಟಲು ತಡ ಯಾಕಾಯಿತು ಅಂತ ಅಫಿಡವಿಟ್‌ನಲ್ಲಿ ದಿನಾಂಕ ಸಮೇತ ಬರೆಯಿರಿ. ಇದು ಖರ್ಚು ಕಡಿಮೆಯ ದಾರಿ. ಟ್ರಿಬ್ಯುನಲ್ ಒಪ್ಪದಿದ್ದರೆ ಹೈಕೋರ್ಟು ಇದ್ದೇ ಇದೆ. ಅಲ್ಲಿಯೂ ‘ನಾವು ಕಟ್ಟಿ, ಕೇಳಿ ಬಂದಿದ್ದೇವೆ’ ಅನ್ನುವುದು ನಿಮ್ಮ ಪರವಾಗಿ ನಿಲ್ಲುತ್ತದೆ.

ಹೈಕೋರ್ಟಿಗೆ ಹೋಗುವುದಕ್ಕೆ ಎರಡು ದಾರಿ. ಒಂದು, 35ಜಿ ಕಲಮಿನ ಮೇಲ್ಮನವಿ. ಟ್ರಿಬ್ಯುನಲ್ ಆದೇಶ ಕೈಗೆ ಬಂದ 180 ದಿನಗಳೊಳಗೆ ಸಲ್ಲಿಸಬೇಕು, ಕಾನೂನಿನ ಮಹತ್ವದ ಪ್ರಶ್ನೆ ಇರಬೇಕು. ಇನ್ನೊಂದು, ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ರಿಟ್‌ಗೆ ಇಷ್ಟೇ ದಿನ ಅಂತ ಗಡುವಿಲ್ಲ, ಆದರೆ ಸುಮ್ಮನೆ ತಡ ಮಾಡಿದವರನ್ನು ಕೋರ್ಟು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಪುಣೆಯವರ ಅರ್ಜಿ ಮುಂಬೈಯ ಮುಖ್ಯ ಪೀಠಕ್ಕೆ. ಗೋವಾದವರಿಗೆ ಪರ್ವರಿಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಇದೆ.

ಹಣ ಕಟ್ಟಿರುವ ಅಥವಾ ಕಟ್ಟಲು ತಯಾರಿರುವ ಪ್ರಕರಣಗಳಲ್ಲಿ ಹೈಕೋರ್ಟು ಕೊಡುವ ಪರಿಹಾರ ಸಾಮಾನ್ಯವಾಗಿ ಹೀಗಿರುತ್ತದೆ: ಇಷ್ಟು ವಾರದೊಳಗೆ ಠೇವಣಿ ಕಟ್ಟಿ, ಕಟ್ಟಿದರೆ ವಜಾ ಆದೇಶ ರದ್ದಾಗಿ ಮೇಲ್ಮನವಿ ಮತ್ತೆ ಫೈಲಿಗೆ ಬರುತ್ತದೆ, ಟ್ರಿಬ್ಯುನಲ್ ಅದನ್ನು ಗುಣಾವಗುಣದ ಮೇಲೆ ಕೇಳಬೇಕು, ಕಟ್ಟದಿದ್ದರೆ ವಜಾ ಹಾಗೇ ಉಳಿಯುತ್ತದೆ. ಕೇಳುವಾಗ ಎರಡು ಮಾತು ಬಿಡಬೇಡಿ. ಅಲ್ಲಿಯ ತನಕ ವಸೂಲಿ ತಡೆಯಬೇಕು ಅಂತ ಕೇಳಿ. ಮತ್ತೆ ಹೋದಾಗ ಅವಧಿ ಮೀರಿದೆ ಎಂಬ ತಕರಾರು ಏಳದಂತೆ ಆದೇಶದಲ್ಲಿ ಬರೆಸಿಕೊಳ್ಳಿ. ಮೇಲ್ಮನವಿ ಸಲ್ಲಿಸುವ ಮೂರು ತಿಂಗಳ ಅವಧಿ ಮೀರಿದ್ದನ್ನು ಸರಿಯಾದ ಕಾರಣ ಇದ್ದರೆ ಮನ್ನಿಸುವ ಅಧಿಕಾರ ಸೆಸ್ಟ್ಯಾಟ್‌ಗೆ ಇದೆ, ನಿಜ. ಆದರೂ ಒಂದು ಜಗಳ ಕಡಿಮೆಯಾದರೆ ಒಳ್ಳೆಯದೇ.

ಹೈಕೋರ್ಟು ಕೊಟ್ಟ ವಾರಗಳನ್ನು ಮಾತ್ರ ಮೀರಬೇಡಿ. ಒಂದು ಸಲ ಬಾಗಿಲು ತೆರೆಸಿಕೊಂಡು ಮತ್ತೆ ಕಟ್ಟದೆ ಹೋದವರಿಗೆ ಎರಡನೇ ಅವಕಾಶ ಸಿಗುವುದು ಬಹಳ ಕಷ್ಟ.

ಕಟ್ಟಿದ್ದೀರಿ, ಆದರೆ ಬೇರೆ ಫಾರ್ಮಿನಲ್ಲಿ

ಇದು ಕೇಳುವುದಕ್ಕೆ ಸಣ್ಣದು, ಆದರೆ ಇದರಿಂದ ಪೆಟ್ಟು ತಿಂದವರು ಕಡಿಮೆಯಲ್ಲ. ಜಿಎಸ್‌ಟಿ ಬಂದ ಮೇಲೆ ಹಳೇ ಸರ್ವಿಸ್ ಟ್ಯಾಕ್ಸ್ ಕೇಸಿನ ಠೇವಣಿ ಎಲ್ಲಿ ಕಟ್ಟುವುದು ಎಂಬ ಗೊಂದಲ ವರ್ಷಗಟ್ಟಲೆ ಇತ್ತು. ಬಹಳ ಜನ ತಮಗೆ ಗೊತ್ತಿದ್ದ ಜಿಎಸ್‌ಟಿ ಪೋರ್ಟಲ್‌ನಲ್ಲೇ ಡಿಆರ್‌ಸಿ-03 ಎಂಬ ಫಾರ್ಮ್ ತುಂಬಿ ಕಟ್ಟಿದರು. ಹಣ ಸರ್ಕಾರಕ್ಕೇ ಹೋಯಿತು. ಆದರೆ ಆ ಫಾರ್ಮ್ ಜಿಎಸ್‌ಟಿಗೆ ಇರುವುದು, ಹಳೇ ತೆರಿಗೆಗೆ ಅಲ್ಲ ಅಂತ ಮೇಲ್ಮನವಿಗಳನ್ನು ತಳ್ಳಿಹಾಕಿದರು.

ಸೊಡೆಕ್ಸೊ ಇಂಡಿಯಾ ಕಂಪನಿಯ ಇಂಥದೇ ಪ್ರಕರಣ 2022ರಲ್ಲಿ ಬಾಂಬೆ ಹೈಕೋರ್ಟಿಗೆ ಬಂತು. ಕಟ್ಟುವ ವಿಧಾನದ ಬಗ್ಗೆ ಸ್ಪಷ್ಟತೆಯೇ ಇಲ್ಲದಾಗ ಕಟ್ಟಿದವರ ಮೇಲ್ಮನವಿಯನ್ನು ಅದೇ ಕಾರಣಕ್ಕೆ ತಳ್ಳಿಹಾಕಿದ್ದನ್ನು ಕೋರ್ಟು ಉಳಿಸಲಿಲ್ಲ. ಮೇಲ್ಮನವಿಯನ್ನು ವಾಪಸ್ ಕಳಿಸಿ, ಸರಿಯಾದ ಸೂಚನೆ ಹೊರಡಿಸಿ ಅಂತ ಬೋರ್ಡಿಗೂ ಹೇಳಿತು. ಆ ಅಕ್ಟೋಬರ್ 28ಕ್ಕೆ ಬೋರ್ಡಿನ ಸೂಚನೆ ಬಂತು: ಸರ್ವಿಸ್ ಟ್ಯಾಕ್ಸ್ ಮತ್ತು ಎಕ್ಸೈಸ್ ಮೇಲ್ಮನವಿಯ ಠೇವಣಿಗೆ ಡಿಆರ್‌ಸಿ-03 ನಡೆಯುವುದಿಲ್ಲ, ಸಿಬಿಐಸಿ-ಜಿಎಸ್‌ಟಿ ಇಂಟಿಗ್ರೇಟೆಡ್ ಪೋರ್ಟಲ್‌ನಲ್ಲಿ ಕಟ್ಟಬೇಕು.

ಹಾಗಾಗಿ ದಿನಾಂಕ ನೋಡಿ. ಆ ಸೂಚನೆಗೆ ಮೊದಲು ಡಿಆರ್‌ಸಿ-03ರಲ್ಲಿ ಕಟ್ಟಿ ವಜಾ ಆಗಿದ್ದರೆ ನಿಮ್ಮ ಕೈ ಗಟ್ಟಿ. ಆಮೇಲೆ ಕಟ್ಟಿದ್ದರೆ ವಾದ ತೆಳ್ಳಗಾಗುತ್ತದೆ. ಈಗ ಕಟ್ಟುವವರು ನಿಮ್ಮ ಸಿಎ ಕಳಿಸಿದ ಚಲನ್ ತೆರೆದು ಪೋರ್ಟಲ್ ಯಾವುದು, ತೆರಿಗೆಯ ಹೆಸರು ಯಾವುದು, ಆದೇಶದ ನಂಬರ್ ಸರಿಯಾಗಿದೆಯಾ ಅಂತ ನೀವೇ ಒಮ್ಮೆ ನೋಡಿ.

ನಿಜವಾಗಿಯೂ ಹಣ ಇಲ್ಲದಿದ್ದರೆ

ಇದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ದಂಧೆ ಮುಚ್ಚಿದೆ, ಮನೆ ಸಾಲದಲ್ಲಿದೆ, 18 ಲಕ್ಷ ಎಲ್ಲಿಂದ ತರುವುದು?

ಟ್ರಿಬ್ಯುನಲ್ ಬಿಡಲಾರದು, ಅದಕ್ಕೆ ಅಧಿಕಾರವೇ ಇಲ್ಲ. ಹೈಕೋರ್ಟಿಗೆ? ಇದಕ್ಕೆ ಉತ್ತರ ಟೆಕ್ನಿಮಾಂಟ್ ಪ್ರಕರಣದಲ್ಲಿದೆ. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕೇಸು ಅದು. ಪಂಜಾಬ್ ವ್ಯಾಟ್ ಕಾಯ್ದೆಯಲ್ಲಿ ಮೇಲ್ಮನವಿಗೆ ಶೇಕಡಾ 25 ಠೇವಣಿ ಇತ್ತು. ಕಾಯ್ದೆ ಕೊಡದ ಮನ್ನಾ ಅಧಿಕಾರವನ್ನು ಮೇಲ್ಮನವಿ ಅಧಿಕಾರಿ ತಾನೇ ತೆಗೆದುಕೊಳ್ಳುವಂತಿಲ್ಲ ಅಂತ ಕೋರ್ಟು ಹೇಳಿತು. ಆದರೆ ತೀರಾ ಕಷ್ಟದ, ಅಪರೂಪದ ಪ್ರಕರಣದಲ್ಲಿ ಹೈಕೋರ್ಟು ತನ್ನ ರಿಟ್ ಅಧಿಕಾರ ಬಳಸಿ ನೆರವಾಗಬಹುದು ಎಂಬ ದಾರಿಯನ್ನು ಮುಚ್ಚಲಿಲ್ಲ. 2014ರ ನಂತರದ ಎಲ್ಲ ಮನ್ನಾ ಅರ್ಜಿಗಳೂ ಈ ಸಣ್ಣ ದಾರಿಯಲ್ಲೇ ನಡೆಯಬೇಕು. ದೆಹಲಿ ಹೈಕೋರ್ಟು 2023ರಲ್ಲಿ ಮೊಹಮ್ಮದ್ ಅಕ್ಮಾಮ್ ಉದ್ದೀನ್ ಅಹ್ಮದ್ ಪ್ರಕರಣದಲ್ಲಿ ಅರ್ಜಿದಾರರ ಆರ್ಥಿಕ ಸ್ಥಿತಿ ನೋಡಿ ಕಸ್ಟಮ್ಸ್ ಠೇವಣಿಯನ್ನು ಬಿಟ್ಟುಕೊಟ್ಟ ಉದಾಹರಣೆ ಇದೆ.

ಅಪರೂಪ ಎಂಬ ಮಾತನ್ನು ಕೋರ್ಟುಗಳು ಗಂಭೀರವಾಗಿಯೇ ತೆಗೆದುಕೊಳ್ಳುತ್ತವೆ. ‘ಕಷ್ಟದಲ್ಲಿದ್ದೇನೆ’ ಅಂತ ಒಂದು ಪ್ಯಾರಾ ಬರೆದರೆ ಏನೂ ಆಗುವುದಿಲ್ಲ. ಕಳೆದ ಕೆಲವು ವರ್ಷಗಳ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಎಲ್ಲ ಬ್ಯಾಂಕ್ ಖಾತೆಗಳ ಸ್ಟೇಟ್‌ಮೆಂಟ್, ಸಾಲದ ಕಾಗದ, ಬಾರದ ಬಿಲ್ಲುಗಳ ಪಟ್ಟಿ, ಆಸ್ತಿಯ ವಿವರ ಬೇಕು. ಆಸ್ತಿ ಅಂದರೆ ಪೂರ್ತಿ ಆಸ್ತಿ. ಡೊಂಬಿವಲಿಯ ಫ್ಲಾಟು ಬರೆದು ಊರಿನ ತೋಟ ಬಿಟ್ಟರೆ, ಪಾಲಾಗದ ಜಮೀನಿನಲ್ಲಿ ನಿಮ್ಮ ಭಾಗವನ್ನು ಮರೆತರೆ, ಅದು ಇಲಾಖೆಯ ವಕೀಲರ ಕೈಗೆ ಸಿಕ್ಕ ದಿನ ನಿಮ್ಮ ಅರ್ಜಿ ಮುಗಿಯಿತು. ಪಾಲು ಆಗಿಲ್ಲ, ಮಾರಲು ಆಗುವುದಿಲ್ಲ ಅಂತಿದ್ದರೆ ಅದನ್ನೇ ಬರೆಯಿರಿ. ಕೋರ್ಟಿಗೆ ಅದು ಅರ್ಥವಾಗುತ್ತದೆ. ಮುಚ್ಚಿಟ್ಟದ್ದು ಮಾತ್ರ ಸಹನೆಯಾಗುವುದಿಲ್ಲ.

ಪೂರ್ತಿ ಮನ್ನಾ ಕೇಳುವುದಕ್ಕಿಂತ ಕಂತು ಮತ್ತು ಸಮಯ ಕೇಳುವುದು ಹೆಚ್ಚು ಜನರಿಗೆ ಸರಿಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಕೈಯಲ್ಲಿರುವ ಐದೋ ಆರೋ ಲಕ್ಷ ಮೊದಲು ಕಟ್ಟಿ, ಉಳಿದದ್ದಕ್ಕೆ ತಿಂಗಳುಗಳನ್ನು ಕೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಇಲಾಖೆ ಈಗಾಗಲೇ ನಿಮ್ಮ ಬ್ಯಾಂಕ್ ಖಾತೆಯಿಂದಲೋ ಫ್ಯಾಕ್ಟರಿಯವರಿಂದಲೋ ಹಣ ಎಳೆದುಕೊಂಡಿದ್ದರೆ ಅದರ ಲೆಕ್ಕವನ್ನೂ ಮುಂದಿಡಿ. ಠೇವಣಿಗೆ ಸಾಲುವಷ್ಟು ಮೊತ್ತ ಸರ್ಕಾರದ ಬಳಿ ಸೇರಿದ ಮೇಲೂ ಠೇವಣಿ ಇಲ್ಲ ಅಂತ ಮೇಲ್ಮನವಿ ಕೇಳದಿರುವುದು ನ್ಯಾಯವಲ್ಲ ಅಂತ ಹೇಳುವುದಕ್ಕೆ ಗಟ್ಟಿ ಆಧಾರ ಅದು.

ಕೇಸು ಗಟ್ಟಿಯಿದೆ, ಆದ್ದರಿಂದ ಠೇವಣಿ ಬಿಡಿ ಎಂಬ ಮಾತು ಮಾತ್ರ ಈಗ ಅಷ್ಟು ನಡೆಯುವುದಿಲ್ಲ. ಹಳೇ ಕಾನೂನಿನಲ್ಲಿ ಅದಕ್ಕೆ ಜಾಗ ಇತ್ತು. ಆದರೆ ಗಟ್ಟಿತನ ಬೇರೊಂದು ರೀತಿ ಕೆಲಸಕ್ಕೆ ಬರುತ್ತದೆ. ಮೂಲ ಆದೇಶವೇ ನಿಮ್ಮನ್ನು ಕೇಳದೆ ಆಗಿದ್ದರೆ, ಅಥವಾ ಅಧಿಕಾರ ವ್ಯಾಪ್ತಿಯೇ ಇಲ್ಲದವರು ಮಾಡಿದ್ದರೆ, ಮೇಲ್ಮನವಿ ದಾರಿ ಇದ್ದರೂ ನೇರ ರಿಟ್ ಹಾಕಬಹುದು. ವರ್ಲ್‌ಪೂಲ್ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಈ ವಿನಾಯಿತಿಗಳನ್ನು ಹೇಳಿದೆ. ಶೆಟ್ರ ನೋಟಿಸು ಹಳೇ ವಿಳಾಸಕ್ಕೆ ಹೋಗಿದೆಯಲ್ಲ, ಅದು ಇಲ್ಲಿ ಮುಖ್ಯವಾಗುತ್ತದೆ. ವಿಳಾಸ ಬದಲಾದದ್ದನ್ನು ಇಲಾಖೆಗೆ ತಿಳಿಸಿದ್ದೀರಾ? ಅದರ ಪುರಾವೆ ಇದೆಯಾ? ಇದ್ದರೆ ಹೈಕೋರ್ಟು ಮೂಲ ಆದೇಶವನ್ನೇ ರದ್ದು ಮಾಡಿ, ಇವರನ್ನು ಕೇಳಿ ಹೊಸದಾಗಿ ತೀರ್ಮಾನಿಸಿ ಅಂತ ಕಳಿಸಬಹುದು. ಆಗ ಠೇವಣಿಯ ಪ್ರಶ್ನೆಯೇ ಸದ್ಯಕ್ಕೆ ಬರುವುದಿಲ್ಲ. ತಿಳಿಸಿಯೇ ಇಲ್ಲದಿದ್ದರೆ ಈ ದಾರಿಯನ್ನು ನೆಚ್ಚಬೇಡಿ, ಠೇವಣಿ ಹೊಂದಿಸಿ.

ಜಿಎಸ್‌ಟಿಯವರಿಗೆ ಎರಡು ಮಾತು

ಜಿಎಸ್‌ಟಿಯಲ್ಲಿ ಮೊದಲ ಮೇಲ್ಮನವಿಗೆ ನೀವು ಒಪ್ಪಿಕೊಂಡ ಮೊತ್ತ ಪೂರ್ತಿ, ವಿವಾದದ ತೆರಿಗೆಯ ಶೇಕಡಾ 10. ಟ್ರಿಬ್ಯುನಲ್‌ಗೆ ಹೋದರೆ ಇನ್ನೂ ಶೇಕಡಾ 10. ಈ ಎರಡನೆಯದು ಮೊದಲು 20 ಇತ್ತು, 2024ರ ನವೆಂಬರ್‌ನಿಂದ ಇಳಿದಿದೆ. ಜಿಎಸ್‌ಟಿ ಟ್ರಿಬ್ಯುನಲ್ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 24ಕ್ಕೆ. ಅಷ್ಟು ವರ್ಷ ಟ್ರಿಬ್ಯುನಲ್ಲೇ ಇಲ್ಲದೆ ಜನ ಹೈಕೋರ್ಟಿಗೆ ಅಲೆದರು. ಠೇವಣಿಯನ್ನು ನಗದಾಗಿ ಮಾತ್ರ ಕಟ್ಟಬೇಕೇ, ಕ್ರೆಡಿಟ್ ಲೆಡ್ಜರ್‌ನಲ್ಲಿರುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆ, ಬಳಸಬಹುದೇ ಎಂಬ ಜಗಳ ಇತ್ತು. ಮೊದಲ ಮೇಲ್ಮನವಿಯ ಶೇಕಡಾ 10ಕ್ಕೆ ಕ್ರೆಡಿಟ್ ಬಳಸಬಹುದು ಅಂತ ಬಾಂಬೆ ಹೈಕೋರ್ಟು ಓಯಸಿಸ್ ರಿಯಾಲ್ಟಿ ಪ್ರಕರಣದಲ್ಲಿ 2022ರಲ್ಲೇ ಹೇಳಿತು. ಕೈಯಲ್ಲಿ ನಗದು ಇಲ್ಲದೆ ಲೆಡ್ಜರ್‌ನಲ್ಲಿ ಕ್ರೆಡಿಟ್ ಕೂತಿರುವ ಸಣ್ಣ ಕಾಂಟ್ರ್ಯಾಕ್ಟರುಗಳಿಗೆ ಇದು ದೊಡ್ಡ ಉಪಕಾರ.

ಬ್ಯಾಂಕ್ ಸಾಲದ ಕೇಸಿನವರು ಇದೇ ಲೆಕ್ಕ ಹಾಕಬೇಡಿ. ಸಾಲ ವಸೂಲಿ ಮೇಲ್ಮನವಿ ಟ್ರಿಬ್ಯುನಲ್‌ಗೆ ಸರ್ಫೇಸಿ ಕಾಯ್ದೆಯಡಿ ಸಾಲಗಾರ ಕಟ್ಟಬೇಕಾದ್ದು ಶೇಕಡಾ 50. ಕಾರಣ ಬರೆದು ಅದನ್ನು 25ರ ತನಕ ಇಳಿಸಬಹುದು, ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ.

ಗೆದ್ದ ಮೇಲೆ ಹಣ ವಾಪಸ್

ಮೇಲ್ಮನವಿ ಗೆದ್ದರೆ ಠೇವಣಿ ವಾಪಸ್ ಬರುತ್ತದೆ, ಬಡ್ಡಿ ಸಮೇತ. 35ಎಫ್ಎಫ್ ಕಲಮಿನ ಪ್ರಕಾರ ಕಟ್ಟಿದ ದಿನದಿಂದ ವಾಪಸ್ ಕೊಡುವ ದಿನದ ತನಕ ಬಡ್ಡಿ, ದರ ವರ್ಷಕ್ಕೆ ಶೇಕಡಾ 6. ಇದಕ್ಕೆ ದೊಡ್ಡ ರೀಫಂಡ್ ಅರ್ಜಿ ಬೇಡ. ಒಂದು ಸಾದಾ ಪತ್ರ, ಗೆದ್ದ ಆದೇಶದ ಪ್ರತಿ, ಠೇವಣಿಯ ಚಲನ್ ಸಾಕು. ಪತ್ರ ತಲುಪಿದ 15 ದಿನದೊಳಗೆ ಕೊಡಬೇಕು ಅಂತ ಅದೇ 984ನೇ ಸರ್ಕ್ಯುಲರ್ ಹೇಳುತ್ತದೆ, ಇಲಾಖೆ ಮುಂದೆ ಅಪೀಲು ಹೋಗುವ ಯೋಚನೆಯಲ್ಲಿದ್ದರೂ ಕೂಡ. ಪತ್ರ ಕೊಡುವಾಗ ನಿಮ್ಮ ಪ್ರತಿಯ ಮೇಲೆ ತಲುಪಿದ ದಿನದ ಸೀಲ್ ಹಾಕಿಸಿಕೊಳ್ಳಿ. ಹದಿನೈದು ದಿನ ಎಣಿಸುವುದು ಆ ಸೀಲಿನಿಂದ.